ಸೀಟು ಸರಿಹೋದ ಮೇಲೆ

"ಅದನ್ನ ನಿಮಗೆ ಕೊಡಲ್ಲ."

ಮೆರೆಟೆಗೆ ಪಿತ್ತ ನೆತ್ತಿಗೇರಿತು. ಆರ್ಹುಸ್ ಊರಿನಿಂದ ರೀಬೆಯ ಈ ಬೈಕ್ ಸೀಟಿನ ಅಂಗಡಿಯವರೆಗೆ ಅರ್ಧ ಗಂಟೆಗೊಮ್ಮೆ ಬೈಕು ನಿಲ್ಲಿಸಿ, ನೋವು ನುಂಗಿಕೊಂಡು ಬಂದವಳಿಗೆ ಆಡುವ ಮಾತೇ ಇದು? ಅಂಗಡಿಯ ಸೀಟುಗಳಲ್ಲೆಲ್ಲ ದಪ್ಪಗೆ, ಮೆತ್ತಗೆ ಇದ್ದದ್ದನ್ನೇ ಅವಳು ಆರಿಸಿದ್ದಳು.

"ಐದು ನಿಮಿಷಕ್ಕೆ ಎಲ್ಲಾ ಸೀಟೂ ಸುಖವೇ," ಎಂದ ಸೀಟು ಹೊಲಿಯುವ ಟ್ರೂಲ್ಸ್, ತಲೆ ಎತ್ತದೆ. "ಒಂದು ಗಂಟೆ ಕೂತು ಆಮೇಲೆ ಹೇಳಿ."

ಎಷ್ಟು ಜಂಬ ಇವನಿಗೆ... ಎಂದುಕೊಂಡೇ ಅದನ್ನು ಬೈಕಿಗೆ ಹಾಕಿಸಿ ಕೂತಳು. ಅವನು ಒಂದು ಲೋಟ ಕಾಫಿ ಕೊಟ್ಟು ತನ್ನ ಪಾಡಿಗೆ ಚರ್ಮ ಹೊಲಿಯುತ್ತಿದ್ದ. ನಲವತ್ತು ನಿಮಿಷಕ್ಕೆ ಮೆತ್ತನೆಯ ಸೀಟು ಕುಸಿದು, ಬೆನ್ನಿನ ತುದಿಮೂಳೆ ಚುಚ್ಚತೊಡಗಿತು. ಹಠಮಾರಿ ಹೆಣ್ಣು, ಹಲ್ಲು ಕಚ್ಚಿಕೊಂಡು ಕೂತೇ ಇದ್ದಳು.

"ಎಡಗಡೆಗೆ ಬಿದ್ದಿದ್ರಾ?" ಅವನು ಮೆಲ್ಲಗೆ ಕೇಳಿದ. "ಬಲಕ್ಕೇ ವಾಲ್ತಿದೀರಿ."

ಚಳಿಗಾಲದಲ್ಲಿ ಜಾರಿ ಬಿದ್ದಾಗಿನಿಂದ ಎಲ್ಲರೂ ಬೈಕು ಮಾರಿಬಿಡು ಎಂದವರೇ. ಎಲ್ಲಿ ನೋವು ಎಂದು ಒಬ್ಬರೂ ಕೇಳಿರಲಿಲ್ಲ. ಪ್ರತಿ ಬೇಸಿಗೆ ಒಬ್ಬಳೇ ನಾರ್ವೆಯ ಬೆಟ್ಟಗಳಿಗೆ ಹೋಗಿಬರುತ್ತಿದ್ದವಳು ಅವಳು. ಅದೂ ಹೋದರೆ ತನಗೆ ಉಳಿಯುವುದಾದರೂ ಏನು? ಕಣ್ಣು ತುಂಬಿಬಂತು.

ಟ್ರೂಲ್ಸ್ ಗಟ್ಟಿ ಸ್ಪಂಜು ಹಾಕಿ, ತುದಿಮೂಳೆ ತಾಗದಂತೆ ಹಿಂದೆ ಒಂದು ಕುಳಿ ತೋಡಿ ಹೊಸ ಸೀಟು ಕಟ್ಟಿದ. ಮುಂದಿನ ವಾರ ಕೂತು ನೋಡಿದಾಗ ಅವಳಿಗೆ ನೋವಾಗಲಿಲ್ಲ. ಅವನು ಮಾತ್ರ, ಅಂಚು ಇನ್ನೂ ಸರಿಯಿಲ್ಲ, ದೂರದ ದಾರಿಗೆ ನಂಬಬೇಡಿ, ಮತ್ತೆ ಬನ್ನಿ ಎಂದು ಅದನ್ನು ಬಿಚ್ಚಿಟ್ಟುಕೊಂಡು ಹಳೇ ಸೀಟಿನಲ್ಲೇ ಕಳಿಸಿದ. ಮೂರನೇ ಸಲವೂ ಅದೇ ಮಾತು. ಮೆರೆಟೆಯ ಎದೆ ಕುಸಿಯಿತು. ಇವನ ಕೈಲೇ ಆಗದಿದ್ದರೆ ಇನ್ನು ಯಾರ ಕೈಲಾದೀತು?

"ಬಿಡಿ," ಎಂದಳು. "ನಾಳೆ ಒಬ್ರು ಬೈಕು ನೋಡೋಕೆ ಬರ್ತಾರೆ. ಮಾರಿಬಿಡ್ತೀನಿ."

ಟ್ರೂಲ್ಸನ ಮುಖ ಬಿಳಿಚಿಕೊಂಡಿತು.

"ಮಾರಬೇಡಿ... ಸೀಟು ಹೋದ ಸಲವೇ ಸರಿಹೋಗಿತ್ತು."

"ಮತ್ಯಾಕೆ ಹಾಗಂದ್ರಿ?"

"ಸರಿಹೋಯ್ತು ಅಂದ್ರೆ ನೀವು ಬರಲ್ವಲ್ಲ."

ವಾರವಿಡೀ ದಿಂಬು ಒದ್ದೆ ಮಾಡಿದ್ದು ಇವನ ಈ ಸುಳ್ಳಿಗಾ? ನನ್ನ ನೋವೇ ಸಿಕ್ಕಿತಾ ಆಟವಾಡೋಕೆ ಎಂದು ಬೈದು, ಹೆಲ್ಮೆಟ್ ಹಾಕಿಕೊಂಡು, ಬೈಕಿಗೆ ಕೂರಿಸಿದ್ದ ಹೊಸ ಸೀಟಿನ ಮೇಲೇ ಹೊರಟೇಬಿಟ್ಟಳು. ತಡೆಯಲು ಅವನಿಗೆ ಮುಖವಿರಲಿಲ್ಲ.

ಕೋಪದಲ್ಲಿ ಮನೆಯ ದಾರಿ ಬಿಟ್ಟು ಉತ್ತರಕ್ಕೆ ಹೋದಳು. ನೆಲ ಮುಗಿದು ಕಡಲು ಎದುರಾಗುವ ಸ್ಕಾಗೆನ್‌ವರೆಗೂ ಪೆಟ್ರೋಲಿಗೆ ಬಿಟ್ಟು ಬೇರೆಲ್ಲೂ ನಿಲ್ಲಿಸಲಿಲ್ಲ. ಮರಳಿನ ಮೇಲೆ ಇಳಿದು ನಿಂತಾಗಲೇ ಗೊತ್ತಾದದ್ದು, ಬೆನ್ನು ನೋಯುತ್ತಿರಲಿಲ್ಲ! ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತಳು. ಸುಳ್ಳುಗಾರನೇ ಇರಬಹುದು... ಆದರೆ ನನ್ನ ದಾರಿಯನ್ನು ನನಗೆ ವಾಪಸ್ ಕೊಟ್ಟವನೂ ಅವನೇ. ಬೈಕು ನೋಡಲು ಬರುವವರಿಗೆ ಫೋನ್ ಮಾಡಿ, ಬರಬೇಡಿ ಎಂದಳು.

ಮರುದಿನ ಅಂಗಡಿಯ ಮುಂದೆ ಬೈಕು ನಿಂತದ್ದನ್ನು ಕಂಡು ಟ್ರೂಲ್ಸ್ ಗಾಬರಿಯಿಂದ ಓಡಿಬಂದ.

"ಎಲ್ಲಾದ್ರೂ ನೋಯ್ತಾ?"

"ಇಲ್ಲ. ಒಂಚೂರೂ ಇಲ್ಲ." ಅವಳು ಬೈಕಿನಿಂದ ಇಳಿದಳು. "ಥ್ಯಾಂಕ್ಸ್ ಹೇಳದೇ ಹೋಗಿದ್ದೆ. ನಿಮ್ಮಿಂದ ನಾನು ಮತ್ತೆ ನಾನಾದೆ."

ಅವನು ತಲೆ ತಗ್ಗಿಸಿದ. "ಅಷ್ಟಕ್ಕೇ ಬಂದ್ರಾ?"

"ಅದು ಹೇಳಿಯಾಯ್ತು. ಸೀಟಿಗೂ ಏನೂ ಆಗಿಲ್ಲ. ಇನ್ಮೇಲೆ ಬರೋಕೆ ನನಗೆ ಒಂದು ಕಾರಣಾನೂ ಇಲ್ಲ." ಮೆರೆಟೆ ಹೆಲ್ಮೆಟ್ ತೆಗೆದಳು. "ಸುಮ್ನೆ ಬರ್ತಿರ್ಲಾ?"

ಟ್ರೂಲ್ಸ್ ಅವಳನ್ನೇ ನೋಡಿದ. ಅಷ್ಟು ದಿನದ 'ನೀವು' ಅವನ ಬಾಯಿಂದ ಹೊರಡಲಿಲ್ಲ.

"ಬಾ."