ಜಲುಬೋ ಜುಲಾಬೋ

“ಮೇಡಂ, ಹೊರಗ ಹೋಗ್ಲೇನ್ರಿ?”

ಭವ್ಯಾ ಎರಡು ಬೆರಳು ಎತ್ತಿ ನಿಂತಿದ್ದಳು. ಆಂಧ್ರದ ಗಡಿಯೂರು ರಾಯದುರ್ಗದ ಆ ಕನ್ನಡ ಶಾಲೆಯಲ್ಲಿ ಒಂದು ಬೆರಳಿಗೂ ಎರಡು ಬೆರಳಿಗೂ ಇರುವ ವ್ಯತ್ಯಾಸ ಒಂದನೇ ಕ್ಲಾಸಿನವರಿಗೂ ಗೊತ್ತು. ಮಮತಾ ಮೇಡಂ ಮಾತ್ರ ಬೆರಳು ನೋಡಲಿಲ್ಲ. ಭವ್ಯಾಳ ಅಮ್ಮ ಬರೆದುಕೊಟ್ಟ ಚೀಟಿ ನೋಡುತ್ತಿದ್ದರು.

‘ಭವ್ಯಾಗೆ ಜುಲಾಬು ಆಗಿದೆ. ಕೇಳಿದಾಗ ಹೊರಗೆ ಬಿಡಿ.’

ಮೇಡಂ ತೆಲುಗು ಕಲಿಸುವವರು. ತಪ್ಪು ಕಂಡರೆ ಅವರ ಕೆಂಪು ಪೆನ್ನು ಸುಮ್ಮನಿರದು. ಜುಲಾಬು ಹೊಡೆದುಹಾಕಿ ‘ಜಲುಬು’ ಎಂದು ತಿದ್ದಿದರು. ತೆಲುಗಿನಲ್ಲಿ ಜಲುಬು ಎಂದರೆ ನೆಗಡಿ. ಕನ್ನಡದ ಜುಲಾಬು ಹೊಟ್ಟೆಯದು, ತಡೆದುಕೊಳ್ಳುವಂಥದ್ದಲ್ಲ.

“ಜಲುಬಿಗೆ ಹೊರಗೆ ಯಾಕಮ್ಮಾ? ಕರ್ಚೀಫ್ ಇಲ್ವಾ? ನಂಗೂ ಜಲುಬೇ. ನಾನು ರಜಾ ಹಾಕಿದ್ದೀನಾ?” ಎಂದು ಮೇಡಂ ಟೇಬಲ್ಲಿನ ಮೇಲೆಲ್ಲ ಸೀನಿದರು.

ನೆಗಡಿಯೂ ಸುಳ್ಳಲ್ಲ. ಸೋಮವಾರ ಭವ್ಯಾಗೆ ಜ್ವರ, ನೆಗಡಿ. ಬುಧವಾರ ಹೊಟ್ಟೆ ಕೆಟ್ಟಿತು. ಅಜ್ಜಿ ಪಂಪಮ್ಮ ಬೀದಿಯ ಮಿರ್ಚಿಗೆ ಬಾಯಿತುಂಬ ಬೈದಳು.

“ಮಿರ್ಚಿ ಅಲ್ರಿ ಅಮ್ಮಾ, ಎಲ್ಲಾ ಒಂದ ವೈರಸ್ಸಿಂದು. ಮೂಗಿಗೆ ಬಂದಿದ್ದು ಹೊಟ್ಟೀನೂ ಕೆಡಿಸೇತಿ,” ಎಂದರು ಡಾಕ್ಟರು.

“ಮೂಗಿಗೂ ಹೊಟ್ಟಿಗೂ ಏನ್ ಸಂಬಂಧ?” ಎಂದು ಅಜ್ಜಿ ಇನ್ನೂ ನಂಬಿಲ್ಲ. ಇವತ್ತು, ಶುಕ್ರವಾರ, ಯೂನಿಟ್ ಟೆಸ್ಟ್ ಇದೆಯೆಂದು ಭವ್ಯಾ ಶಾಲೆಗೆ ಬಂದಿದ್ದಳು.

“ಜಲುಬು ಅಲ್ರಿ ಮೇಡಂ... ಅದು...”

ನಲವತ್ತು ಮಕ್ಕಳ ಎದುರು ಬಿಡಿಸಿ ಹೇಳುವುದು ಹೇಗೆ? ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಹೊಟ್ಟೆ ಗುಡುಗುಡು ಎಂದಿತು. ಅವಳು ಅಪ್ಪಣೆಗೆ ಕಾಯದೆ ಓಡಿದಳು. ತುಸು ತಡವಾಗಿದ್ದರೂ ಮಾನ ಹೋಗುತ್ತಿತ್ತು.

ತಿರುಗಿ ಬಂದಾಗ ಶಿಕ್ಷೆ ಕಾದಿತ್ತು. ‘ಜಲುಬು’ ಎಂದು ಇಪ್ಪತ್ತು ಸಲ ಬರೆಯಬೇಕು. ಇಡೀ ಕ್ಲಾಸು ನಕ್ಕಿತು.

ಶನಿವಾರ ಮೇಡಂ ಪಾಠ ಮಾಡುತ್ತಲೇ ನಿಂತುಬಿಟ್ಟರು. ಹಣೆಯ ಮೇಲೆ ಬೆವರು. ಒಂದು ಕೈ ಹೊಟ್ಟೆಯ ಮೇಲೆ, ಕಣ್ಣು ಬಾಗಿಲ ಕಡೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಆ ಮುಖ ಭವ್ಯಾಗೆ ಚೆನ್ನಾಗಿ ಗೊತ್ತಿತ್ತು. ನಗಬೇಕೆಂದುಕೊಂಡಳು. ನಗು ಬರಲಿಲ್ಲ.

“ಮೇಡಂ, ನೀವು ಹೋಗಿ ಬರ್ರಿ. ಕ್ಲಾಸ್ ನಾ ನೋಡ್ಕೊಂತೀನ್ರಿ.”

ಮೇಡಂ ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಓಡಿದರು.

ಭವ್ಯಾ ತನ್ನ ಬ್ಯಾಗಿನಲ್ಲಿದ್ದ ಓಆರ್‌ಎಸ್ ಪ್ಯಾಕೆಟ್ ತೆಗೆದು, ಮೇಡಂ ಟೇಬಲ್ಲಿನ ಹಾಜರಿ ಪುಸ್ತಕದ ಕೆಳಗೆ ಇಟ್ಟಳು.

“ಮೇಡಂಗೆ ಏನಾತೇ?” ಪಕ್ಕದ ಸುಮಾ ಕಣ್ಣರಳಿಸಿ ಕೇಳಿದಳು. ಇಡೀ ಕ್ಲಾಸು ಕಿವಿಗೊಟ್ಟಿತ್ತು.

“ಏನಿಲ್ಲ,” ಎಂದಳು ಭವ್ಯಾ. “ಜಲುಬು.”