ನವೆಂಬರಿನ ಪೆಟ್ಟಿಗೆ

1927ನೇ ಇಸವಿ ಮಾರ್ಚ್ 9, ಬುಧವಾರ. ಬೆಳಿಗ್ಗೆ ಹತ್ತೂಕಾಲಿಗೆ ಅರ್ಚಕ ಶಂಕರನಾರಾಯಣ ನಂಜನಗೂಡಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ತಿರುಮಕೂಡಲು ನರಸೀಪುರದಿಂದ ಎತ್ತಿನ ಗಾಡಿಯಲ್ಲಿ ಬಂದಿದ್ದರು.

"ನನ್ನ ತಮ್ಮ ಚಂದ್ರಶೇಖರ, ಈ ಊರಲ್ಲೇ ರೇಷ್ಮೆ ದಲ್ಲಾಳಿ. ಏಳೆಂಟು ತಿಂಗಳಿಂದ ಪತ್ತೆ ಇಲ್ಲ. ಬೊಂಬಾಯಿಗೆ ಹೋದರು ಅಂತಾಳೆ ಹೆಂಡತಿ."

"ಇಷ್ಟು ದಿನ ಯಾಕೆ ಸುಮ್ಮನಿದ್ರಿ?" ಇನ್‌ಸ್ಪೆಕ್ಟರ್ ಬಸವಯ್ಯ ಕೇಳಿದರು.

"ತಿಂಗಳುಗಟ್ಟಲೆ ಊರೂರು ತಿರುಗೋನೇ ಅವನು. ಆದರೆ ನಮ್ಮಪ್ಪನ ಶ್ರಾದ್ಧ ಒಂದು ವರ್ಷವೂ ತಪ್ಪಿಸಿದವನಲ್ಲ. ಹೋದ ವಾರ ಬರಲಿಲ್ಲ."

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಬಸವಯ್ಯ ಕಾನ್‌ಸ್ಟೇಬಲ್ ಹುಚ್ಚಯ್ಯನೊಂದಿಗೆ ಅಗ್ರಹಾರದ ಮನೆಗೆ ಹೋದರು. ಚಂದ್ರಶೇಖರನ ಹೆಂಡತಿ ಚಂಪಕ ಬಾಗಿಲಿಗೆ ಬಂದಳು. ಇಪ್ಪತ್ತಾರರ ಹೆಂಗಸು, ಹಣೆಯಲ್ಲಿ ಅಗಲ ಕುಂಕುಮ, ಕೈತುಂಬ ಬಳೆ. ಸೆರಗು ಹಿಡಿದು ಏಳು ವರ್ಷದ ಮಗಳು ಸುಬ್ಬಲಕ್ಷ್ಮಿ.

"ಯಾವತ್ತು ಹೋದ್ರು?"

"ಜುಲೈ ಇಪ್ಪತ್ತಾರು, ಸೋಮವಾರ. ಸಂಜೆ ರೈಲಿಗೆ."

"ಅದಕ್ಕೆ ಮುಂಚೆ?"

"ಬೆಂಗಳೂರಲ್ಲಿದ್ರು. ಹಿಂದಿನ ದಿನ ಬಂದಿದ್ರು."

"ನಂಗೆ ರೈಲು ತಂದಿದ್ರು!" ಮಗು ಒಳಗೋಡಿ ಕೆಂಪು ಮುಚ್ಚಳದ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದಳು. "ನಾನು ಮಲಗಿದ್ದಾಗ ತಲೆ ಹತ್ರ ಇಟ್ಟು ಹೋದ್ರಂತೆ. ಹಾಳು ಮಾಡ್ತೀನಿ ಅಂತ ಅಮ್ಮ ಎತ್ತಿಟ್ಟಿದ್ಲು. ಸಂಕ್ರಾಂತಿ ಆದ್ಮೇಲೆ ಕೊಟ್ಲು."

"ಹೌದೇನಮ್ಮ?"

ಚಂಪಕ ಮಗಳ ಮುಖ ನೋಡಿದಳು. "ಹೌದು. ಆವತ್ತು ಅವರೇ ತಂದದ್ದು."

ಅದೂ ಹೇಳಿಕೆಯಲ್ಲಿ ಸೇರಿತು. ಅವಳು ಸಹಿ ಮಾಡಿದಳು.

ಪೆಟ್ಟಿಗೆಯೊಳಗೆ ತಗಡಿನ ಎಂಜಿನ್ನು, ಎರಡು ಡಬ್ಬಿ, ಕೀಲಿ ಕೊಡುವ ಕೈ. ಮುಚ್ಚಳದ ಚೀಟಿಯ ಮೇಲೆ ದಪ್ಪಕ್ಷರದಲ್ಲಿ 201, ಕೆಳಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣದಾಗಿ "3 ಎಂ 11.26". ಕೊಂಡ ಅಂಗಡಿ ಸಿಕ್ಕರೆ ಮನುಷ್ಯನ ಜಾಡು ಸಿಕ್ಕೀತೆಂದು ಬಸವಯ್ಯ ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡರು.

ಬೀದಿಗೆ ಬಂದ ಮೇಲೆ ಹುಚ್ಚಯ್ಯ, "ಆ ಕೂಸ್ನ ಎಡಗಡೆ ನಿಂತು ಎರಡು ಸಲ ಕೂಗ್ದೆ ಸಾ. ತಿರುಗ್ನೇ ಇಲ್ಲ," ಎಂದ.

"ನಿನ್ನ ಗಂಟಲಿಗೆ ಸತ್ತವರೂ ಎದ್ದು ಕೂರ್ತಾರಲ್ಲೋ."

"ಅದ್ಕೇ ಯೋಳ್ತಾ ಇರೋದು ಸಾ."

ಮಾರ್ಚ್ 10. ನಂಜನಗೂಡಿನಲ್ಲಿ ಕಪಿಲೆಗೆ ಬಿದ್ದದ್ದು ನರಸೀಪುರದ ಸಂಗಮದಲ್ಲಿ ತೇಲುವುದು ಪೊಲೀಸರಿಗೆಲ್ಲ ಗೊತ್ತು. ಬಸವಯ್ಯ ಅಲ್ಲಿನ ಠಾಣೆಯ ಅನಾಥ ಶವಗಳ ಪುಸ್ತಕ ತೆಗೆಸಿದರು. 1926ರ ಜುಲೈ 29ರ ಪಂಚನಾಮೆ: ಗಂಡಸು, ಸುಮಾರು ಮೂವತ್ತೈದು ವರ್ಷ, ಜನಿವಾರ, ಎಡಗೈ ಕಿರುಬೆರಳಿನ ತುದಿ ಇಲ್ಲ. ವಾರಸುದಾರರಿಲ್ಲದ್ದರಿಂದ ಹೊಳೆದಂಡೆಯಲ್ಲಿ ಹೂಳಲಾಗಿದೆ.

ಶಂಕರನಾರಾಯಣರು ಎರಡು ಸಲ ಓದಿದರು.

"ಬಾಗಿಲು ಹಾಕಿದ್ದು ನಾನೇ. ಅವನಿಗಾಗ ನಾಲ್ಕು ವರ್ಷ, ಬೆರಳು ಸಿಕ್ಕಿಬಿಡ್ತು." ಪುಸ್ತಕ ಮುಚ್ಚಿ, "ಹೂಳಿಬಿಟ್ರಾ? ನಾನು ದಿನಾ ಸ್ನಾನಕ್ಕೆ ಹೋಗೋದು ಅದೇ ದಾರೀಲಿ ಸ್ವಾಮಿ," ಎಂದರು.

ರೈಲಿಗೆ ಹೋಗುವ ಮುಂಚೆ ಕಾಲು ಜಾರಿ ಬಿದ್ದಿರಲೂಬಹುದು. ಬಸವಯ್ಯ ಏನೂ ತೀರ್ಮಾನಿಸಲಿಲ್ಲ.

ಮಾರ್ಚ್ 12, ಮೈಸೂರಿನ ಆಟಿಕೆ ಅಂಗಡಿಯೊಂದರಲ್ಲಿ ಪುಸ್ತಕ ತೋರಿಸಿದರು.

"201 ಮಾಲಿನ ನಂಬರು ಸಾರ್. ಎಂಜಿನ್ನು, ಎರಡು ಡಬ್ಬಿ," ಎಂದ ಅಂಗಡಿಯವನು.

"ಕೆಳಗಿನದು?"

"ಅದು ಅಚ್ಚುಕೂಟದವರ ಲೆಕ್ಕ. ಎಂ ಅಂದ್ರೆ ಸಾವಿರ. ಮೂರು ಸಾವಿರ ಚೀಟಿ ಅಚ್ಚು ಹಾಕಿದ್ದಾರೆ. 11 ತಿಂಗಳು, 26 ಇಸವಿ."

"ನಿಮಗೆ ಹೇಗೆ ಗೊತ್ತು?"

"ಹಳೇ ಮಾಲನ್ನ ಹೊಸದು ಅಂತ ತಳ್ತಾರೆ ಸಾರ್. ನಾವು ನೋಡ್ಕೋಬೇಕಲ್ಲ."

1926ರ ನವೆಂಬರ್. ಅಷ್ಟರಲ್ಲಿ ಚಂದ್ರಶೇಖರ ಮಣ್ಣು ಸೇರಿ ಮೂರು ತಿಂಗಳು ದಾಟಿತ್ತು.

ಜನವರಿ ಕೊನೆಗೆ ಬಂದ ಪೆಟ್ಟಿಗೆಗಳಲ್ಲಿ ಒಂದನ್ನು ಹೆಂಗಸೊಬ್ಬಳು ಒಯ್ದದ್ದು ಅಂಗಡಿಯವನಿಗೆ ನೆನಪಿತ್ತು. ಬ್ರಾಹ್ಮಣರ ಮನೆಯಾಕೆ, ಜೊತೆಗೆ ಯಾರೂ ಇರಲಿಲ್ಲ.

ಮಾರ್ಚ್ 13, ಬೆಳಿಗ್ಗೆ ಎಂಟು. ಮಗುವನ್ನು ಪಕ್ಕದ ಮನೆಗೆ ಕಳಿಸಿ, ಇಬ್ಬರು ಪಂಚರ ಎದುರಿಗೆ ಪೆಟ್ಟಿಗೆಯನ್ನು ಜಪ್ತಿ ಮಾಡಿದರು. ಬಸವಯ್ಯ ಮೂಲೆಯ ಅಂಕಿಯ ಮೇಲೆ ಬೆರಳಿಟ್ಟು ಅರ್ಥ ಹೇಳಿದರು. ಹೊಳೆದಂಡೆಯ ಹೆಣದ ವಿಷಯವನ್ನೂ ಹೇಳಿದರು.

"ಆ ಅಂಕಿ ಬೆಲೆ ಅಂದ್ಕೊಂಡಿದ್ದೆ," ಎಂದಳು ಚಂಪಕ.

"ಮಗು ಹೇಳಿದಾಗ ಅಲ್ಲ ಅನ್ನಬಹುದಿತ್ತಲ್ಲ?"

"ಅವಳ ಎದುರಿಗೆ ಹೇಗೆ ಅನ್ನಲಿ?"

ಆಮೇಲೆ ಅವಳೇ ಹೇಳುತ್ತ ಹೋದಳು. ಮಗುವಿಗೆ ಮೂರು ವರ್ಷವಿದ್ದಾಗ ಅಪ್ಪ ಹೊಡೆದ ಏಟಿಗೆ ಎಡಗಿವಿಯಿಂದ ರಕ್ತ ಬಂದಿತ್ತು. ಜ್ವರದಿಂದ ಕಿವಿ ಹೋಯಿತೆಂದು ಊರಿಗೆ ಹೇಳಿದರು. ಮಗುವಿಗೂ ಅದನ್ನೇ ಹೇಳಿದರು. ಏಟು ಅದಕ್ಕೆ ಮರೆತುಹೋಯಿತು, ಹೆದರಿಕೆ ಹೋಗಲಿಲ್ಲ. ಬಾಗಿಲಲ್ಲಿ ಚಪ್ಪಲಿ ಸದ್ದಾದರೆ ಒರಳಿನ ಹಿಂದೆ ಅಡಗುತ್ತಿತ್ತು.

"ಬೆಂಗಳೂರಿಂದ ಬಂದ ದಿನ ರಾತ್ರಿ ಅವರು ಕರೆದದ್ದು ಕೇಳಿಸಲಿಲ್ಲ ಅವಳಿಗೆ. ಬೆಳಗಾಗಲಿ, ಇನ್ನೊಂದು ಕಿವಿನೂ ಸರಿಮಾಡ್ತೀನಿ ಅಂದ್ರು. ಬೆಳಗಾಯ್ತು. ಹೊಳೆ ತುಂಬಿತ್ತು. ಕಡೇ ಮೆಟ್ಟಿಲಲ್ಲಿ ಅರ್ಘ್ಯ ಬಿಡ್ತಿದ್ರು. ನಾನು ಕೊಡ ಕೆಳಗಿಟ್ಟೆ."

"ಕಾಲು ಜಾರಿದ್ರು ಅಂದಿದ್ರೆ ಯಾರೂ ಕೇಳ್ತಿರಲಿಲ್ಲವಲ್ಲಮ್ಮ."

"ಹತ್ತನೇ ದಿನ ನನ್ನ ತಲೆ ಬೋಳಿಸೋರು. ಆಮೇಲೆ ಮಗು ನನ್ನ ನೋಡಿಯೂ ಹೆದರಬೇಕಿತ್ತಾ?"

ಇಲ್ಲದ ಗಂಡನ ಹೆಸರಿನಲ್ಲಿ ದಿನವೂ ಕುಂಕುಮವಿಡುವುದು ಅವಳಿಗೆ ರೂಢಿಯಾಗಿತ್ತು. ಆದರೆ ಅಪ್ಪ ಬಂದನೆಂದು ಮಗು ನಿದ್ದೆಯಲ್ಲಿ ಬೆಚ್ಚುವುದು ಮಾತ್ರ ನಿಲ್ಲಲಿಲ್ಲ. ಆ ಮನುಷ್ಯ ಒಂದು ದಿನವೂ ತಾರದಿದ್ದ ಉಡುಗೊರೆಯನ್ನು ತರಲು ಅವಳು ಒಬ್ಬಳೇ ಮೈಸೂರಿಗೆ ಹೋದಳು. ಮಗುವಿನ ಮನಸ್ಸಿನಲ್ಲಾದರೂ ಒಬ್ಬ ಒಳ್ಳೆಯ ಅಪ್ಪ ಇರಲಿ ಎಂದುಕೊಂಡಿದ್ದಳು. ಪೆಟ್ಟಿಗೆ ಬಂದ ಮೇಲೆ ಮಗು ಬೆಚ್ಚುವುದು ಕಡಿಮೆಯಾಗಿತ್ತಂತೆ.

ಹನ್ನೊಂದು ನಲವತ್ತಕ್ಕೆ ದಸ್ತಗಿರಿ. ಮಗುವನ್ನು ಕರೆದೊಯ್ಯಲು ಬಂದ ಶಂಕರನಾರಾಯಣರು ಒಳಗೆ ಕಾಲಿಡದೆ ಹೊಸ್ತಿಲಾಚೆ ನಿಂತರು.

"ನಾಳೆ ಕೇಳ್ತಾಳೆ. ಏನು ಹೇಳಲಿ?"

"ನಾನೇ ಕೊಂದೆ ಅಂತ ಹೇಳಿ ಭಾವ. ಯಾಕೆ ಅಂತ ಮಾತ್ರ ಹೇಳ್ಬೇಡಿ."

ಬಸವಯ್ಯ ಅವಳ ಹೇಳಿಕೆಯ ಹಾಳೆಗಳನ್ನು ಜೋಡಿಸಿ ದಾರ ಕಟ್ಟುತ್ತಿದ್ದರು. ಯಾಕೆ ಎಂಬುದು ಎರಡನೆಯ ಪುಟದಲ್ಲಿತ್ತು. ಕೆಳಗೆ ಅವಳದೇ ಸಹಿ.