ಕಳಕಮ್ಮನ ಗಿಳಿ ತೋರಣ

"ನನ್ನ ತೋರಣ ಎಲ್ಲೈತಿ?"

ಅಕ್ಕನ ಅತ್ತೆ ಕಳಕಮ್ಮ ಒಳಬಾಗಿಲ ಹೊಸ್ತಿಲ ಮೇಲೆ ನಿಂತಿದ್ದರು. ಕೈಯಲ್ಲಿ ಹೊಗೆಯಾಡುವ ಊದುಬತ್ತಿ. ಕಣ್ಣು ಬಾಗಿಲ ಚೌಕಟ್ಟಿನ ಮೇಲೆ. ಅಲ್ಲಿ ಎರಡು ಮೊಳೆಗಳಿದ್ದವು. ಮೊಳೆಗಳ ನಡುವೆ ಏನೂ ಇರಲಿಲ್ಲ.

ಭಾನುವಾರ, ಬೆಳಗಿನ ಏಳೂವರೆ. ಗಂಗಾವತಿಯ ಆ ಮನೆಯಲ್ಲಿ ಸಂಜೆ ನಾಲ್ಕಕ್ಕೆ ನನ್ನ ಅಕ್ಕ ಶಿವಲೀಲಾಳ ಕುಬುಸದ ಶಾಸ್ತ್ರ. ಅವಳು ಐದು ತಿಂಗಳ ಬಸುರಿ. ಅತ್ತೆಯ ಅಕ್ಕತಂಗಿಯರು ತಾವರಗೇರಾದಿಂದ ಆಗಲೇ ಹೊರಟಿದ್ದರು.

ಹಾಲ್ ಜೋಡಿಸಲೆಂದೇ ನಾನು ಕೊಪ್ಪಳದ ಹಾಸ್ಟೆಲ್‌ನಿಂದ ಶನಿವಾರ ಬಂದಿದ್ದೆ. ಹಾಲ್ ಎಂದರೆ ಹತ್ತು ಅಡಿಗೆ ಹನ್ನೊಂದು. ಅಷ್ಟರಲ್ಲೇ ದಿವಾನ, ಟಿವಿ, ಶೋಕೇಸ್, ಅಕ್ಕನ ಮಾವ ದೇವೇಂದ್ರಪ್ಪನವರ ಬೆತ್ತದ ಕುರ್ಚಿ. ಬಂದ ಹೆಂಗಸರು ಎಲ್ಲಿ ಕೂರಬೇಕು? ಅಕ್ಕ ಕೈ ತೋರಿಸಿದಳು, ನಾನು ತಳ್ಳಿದೆ. ದಿವಾನ ಕಿಟಕಿಯ ಕೆಳಗೆ ಹೋಯಿತು. ಶೋಕೇಸ್ ಮೂಲೆ ಸೇರಿತು. ಬೆತ್ತದ ಕುರ್ಚಿಯನ್ನು ಭಾವ ಪ್ರಭುರಾಜ ಮತ್ತು ನಾನು ಅಡ್ಡ ತಿರುಗಿಸಿ, ಒಳಬಾಗಿಲು ದಾಟಿಸಿ ಒಳಕೋಣೆಗೆ ಒಯ್ದೆವು.

ತೋರಣವನ್ನು ಯಾರೂ ಮುಟ್ಟಲಿಲ್ಲ. ಅದು ಮದುವೆಗೆ ಮುಂಚೆ ಅತ್ತೆ ತವರಿನಲ್ಲಿ ಕುಳಿತು ಪೋಣಿಸಿದ್ದು. ಕೆಂಪು, ಹಸಿರು ಗಾಜಿನ ಮಣಿಗಳು. ನಡುವೆ ಎದುರುಬದುರಾಗಿ ಎರಡು ಗಿಳಿ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಮನೆಗೆ ಇಂಥದ್ದೊಂದು ಕೈಕೆಲಸ ತರುತ್ತಾರೆ. ಅದು ಬಾಗಿಲಿಗೇರಿದ ಮೇಲೆ ಮನೆ ಅವರದು. ಮೂವತ್ತೆಂಟು ವರ್ಷ ಅದು ಅಲ್ಲೇ ಇತ್ತು. ತೀರಾ ಕೆಳಗೆ ಕಟ್ಟಿದ್ದರಿಂದ ಮಾವ ಮತ್ತು ಭಾವ, ಇಬ್ಬರೂ ಉದ್ದನೆಯವರು, ತಲೆ ಬಾಗಿಸದೆ ಹಾದುಹೋಗುವಂತಿರಲಿಲ್ಲ.

ಅತ್ತೆ ಕೂಗುವುದಕ್ಕೆ ಹತ್ತು ನಿಮಿಷ ಮೊದಲು ಎಲ್ಲವೂ ನೆಟ್ಟಗಿತ್ತು. ಪಕ್ಕದ ಮನೆಯ ದಾವಲಬೀ ಚಾಚಿ, ಓಣಿಗೆಲ್ಲ ಪರದೆ, ಸೋಫಾ ಕವರು ಹೊಲಿಯುವವರು, ಹೊಸ ಪರದೆಗಳನ್ನು ತಂದು ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ಕುರ್ಚಿ ಮರಳಿ ಹಾಲಿಗೆ ಬಂದದ್ದನ್ನು ನಾನು ನೋಡಿದೆ. "ಅತ್ತಿ ತರಿಸ್ಯಾರ. ಸುಮ್ನಿರು," ಎಂದಳು ಅಕ್ಕ. ಭಾವ ಪರದೆಯ ಸರಳು ಹಿಡಿದು, ಒಳಬಾಗಿಲಲ್ಲಿ ಬಾಗಿ ಹಾಲಿಗೆ ಬಂದರು. ಅವರ ಹಿಂದೆ ಮಾವ ಚಹಾದ ಲೋಟ ಹಿಡಿದು ನೇರವಾಗಿ ನಡೆದು ಬಂದು ಕಿಟಕಿಯ ಹತ್ತಿರ ನಿಂತರು. ಆಮೇಲೆ ಅತ್ತೆ ಬಂದರು.

"ನಿನ್ನೆ ಏನಂದಿ ನೀನು?" ಅತ್ತೆ ಅಕ್ಕನ ಕಡೆ ತಿರುಗಿದರು. "ದಾರ ಹಳೇದಾಗೈತಿ ಅನ್ನಲಿಲ್ಲೇನು?"

"ಅಂದೀನ್ರಿ. ತೆಗೀತೀನಿ ಅಂದಿಲ್ಲರಿ."

"ಹೊಸಾ ಬಣ್ಣ, ಹೊಸಾ ಪಡದಿ! ನನ್ನ ಗಿಳಿ ನಿನ್ನ ಕಣ್ಣಾಗ ಚುಚ್ಚತಿದ್ವು!"

"ಅತ್ತೀ, ದೇವರಾಣಿ—"

"ದೇವರನ್ನ ನಡುವ ತರಬ್ಯಾಡ. ನಾ ಈ ಹಾಲಿನ್ಯಾಗ ಕಾಲಿಡೂದಿಲ್ಲ. ಆರತಿ ತಾವರಗೇರಾದವ್ರ ಮಾಡ್ಲಿ."

ಅಕ್ಕ ಅಳಲಿಲ್ಲ. ನನ್ನ ಕಡೆ ನೋಡಿದಳು. "ಸುನಿತಾ, ಚೀಲ ತುಂಬು. ಹನ್ನೊಂದರ ಬಸ್ಸಿಗೆ ಯಲಬುರ್ಗಾಕ್ಕ, ತವರಮನಿಗೆ ಹೋಗೂಣು. ಕಳ್ಳಿಗೆ ಎಂಥಾ ಕುಬುಸ?"

ಅವಳು ಹೋದರೆ ಮರಳಿ ಬರುವುದಿಲ್ಲ. ಅವಳ ಹಟ ನನಗೆ ಗೊತ್ತು.

"ಯಾರೂ ಎಲ್ಲೂ ಹೋಗಬ್ಯಾಡ್ರಿ." ದಾವಲಬೀ ಚಾಚಿ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆದರು. "ಸುನಿತಾ, ಆ ಸ್ಟೂಲ್ ತಾ."

ಸ್ಟೂಲ್ ಹತ್ತಿ ಮೊಳೆಗಳನ್ನು ನೋಡಿದರು. ಎರಡರಲ್ಲೂ ಬೆರಳುದ್ದದ ದಾರ ಉಳಿದಿತ್ತು.

"ಕಳಕಮ್ಮಕ್ಕಾ, ಕಡೀಕ ಯಾವಾಗ ನೋಡಿದ್ರಿ?"

"ನಿನ್ನೆ ಸಂಜಿಮುಂದ ಊದಿನಕಡ್ಡಿ ಬೆಳಗಿದಾಗ ಇತ್ತು."

"ಬಣ್ಣಾ ಹಚ್ಚಿದ ಮುಜೀಬ ಏನಾರ..." ಎಂದರು ಭಾವ.

"ಅಂವಾ ಶುಕ್ರವಾರನ ಹೋದ. ಹೊರಗಿನವ್ರ ಮ್ಯಾಲ ಹಾಕಬ್ಯಾಡ," ಎಂದರು ಅತ್ತೆ.

"ಪ್ರಭುರಾಜ, ಮುಂಜಾನಿ ಎಲ್ಲಿದ್ದಿ?" ಎಂದರು ಚಾಚಿ.

"ಮಾರ್ಕೆಟ್ಟಿಗೆ ಹೂವಿಗೆ ಹೋಗಿದ್ನಿ ಚಾಚಿ. ಐದೂವರಿಗೆ ಹೋದಾವ ಏಳಕ್ಕ ಬಂದೆ. ಹಿತ್ತಲ ಬಾಗಲದಿಂದ."

"ಕಳಕಮ್ಮಕ್ಕಾ, ನೀವು?"

"ನೀರು ತುಂಬಾಕತ್ತಿದ್ದೆ. ಮೋಟಾರಿನ ಗದ್ಲದಾಗ ಏನೂ ಕೇಳಸಲಿಲ್ಲ."

ನಾನು, ಅಕ್ಕ ಮಾಳಿಗೆಯ ಮೇಲೆ ಮಲಗಿದ್ದೆವು. ಕೆಳಗಿಳಿದದ್ದು ಆರೂವರೆಗೆ, ಒಟ್ಟಿಗೇ.

"ಅಣ್ಣಾ, ನೀವು?"

"ನಾನಾ?" ಮಾವ ಲೋಟದೊಳಗೆ ನೋಡಿದರು. "ಪೇಪರ್ ಓದಾಕತ್ತಿದ್ದೆ."

"ಪೇಪರ್ ಬಂದಿದ್ದು ಈಗ, ನನ್ನ ಕೂಡ," ಎಂದರು ಚಾಚಿ. ಹೊರಬಾಗಿಲ ಬಳಿ ಅದು ಮಡಿಸಿದಂತೆಯೇ ಬಿದ್ದಿತ್ತು.

ಚಾಚಿಯ ಕೈಯಿಂದ ಒಂದು ಗುಂಡುಸೂಜಿ ಜಾರಿತು. ಹುಡುಕಲು ಬಗ್ಗಿದವರು ಕುರ್ಚಿಯ ಕೆಳಗೆ ತಲೆ ಹಾಕಿ ಅಲ್ಲೇ ಉಳಿದರು. ಎದ್ದಾಗ ಅಂಗೈಯಲ್ಲಿ ಗುಂಡುಸೂಜಿಯ ಜೊತೆಗೆ ಒಂದು ಹಸಿರು ಮಣಿ.

"ಶಿವಲೀಲಾ, ಈ ಕುರ್ಚಿ ಒಳಗ ಇಟ್ಟೀನಿ ಅಂದಿದ್ದಿ. ಹೊರಗ ಯಾರು ತಂದ್ರು?"

"ಅತ್ತಿ ತರಿಸ್ಯಾರ ಅನ್ಕೊಂಡೆ."

"ನಾ ಯಾಕ ತರಿಸ್ಲಿ?" ಅತ್ತೆ ಹುಬ್ಬೇರಿಸಿದರು. "ನೀನ ಮನಸ್ಸು ಬದ್ಲಿ ಮಾಡೀ ಅಂತ ತಿಳಿದಿದ್ನಿ."

"ಕೇಳಲಿಲ್ಲ ಒಬ್ರಿಗೊಬ್ರು?"

ಒಂದು ವರ್ಷದಿಂದ ಆ ಮನೆಯಲ್ಲಿ ಅತ್ತೆ ಸೊಸೆ ಹಾಗೆಯೇ ಇದ್ದರು. ಜಗಳ ಆಡುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ.

"ಕೇಳ್ರಿ," ಎಂದರು ಚಾಚಿ. "ತೋರಣ ಬ್ಯಾಡಾದವ್ರು ಏನ ಮಾಡ್ತಾರ? ಮೊಳಿಯಿಂದ ಕಳಚ್ತಾರ. ಇಲ್ಲಾ ಕತ್ರಿ ಹಾಕ್ತಾರ. ಈ ದಾರದ ತುದಿ ನೋಡ್ರಿ, ಎಳಿ ಎಳಿ ಬಿಚ್ಚೈತಿ. ಯಾರೂ ತೆಗೆದಿಲ್ಲ. ಏನೋ ಸಿಕ್ಕೊಂಡು ಹರಿದೈತಿ."

"ಏನು?" ಎಂದೆ.

"ಈ ಕುರ್ಚಿ. ಇಬ್ರಾದ್ರ ಅಡ್ಡ ತಿರುವಿ ಒಯ್ಯಬಹುದು. ಒಬ್ರ ಆದ್ರ ತಲಿ ಮ್ಯಾಲ ಹೊರಬೇಕು, ಬುಡಾ ಮ್ಯಾಲ ಮಾಡಿ. ಮಣಿ ಬುಡದ ಕಡೆ, ಬೆತ್ತದ ಹೆಣಿಗಿಯಾಗ ಸಿಕ್ಕೊಂಡಿತ್ತು. ಕುರ್ಚಿ ನೆಟ್ಟಗಿದ್ರ ಅಲ್ಲಿ ಮಣಿ ಬೀಳೂದು ಹ್ಯಾಂಗ?"

ಭಾವ ಕೆಳಗಿನಿಂದ ಮೇಲಿನವರೆಗೆ ಕುರ್ಚಿಯನ್ನು ನೋಡಿದರು. "ಆದ್ರ ನಾ ಹೊತ್ತಿಲ್ಲ ಚಾಚಿ!"

"ಗೊತ್ತೈತಿ. ನೀ ಬಂದಾಗ ಬಾಗಲದಾಗ ಬಾಗಿದಿ. ತೋರಣ ಐತಿ ಅಂತ ತಿಳಿದಾವನ ಕುತ್ತಿಗಿ ಅದು. ನಿನ್ನ ಹಿಂದ ಇನ್ನೊಬ್ರು ಬಂದ್ರು. ಮೂವತ್ತೆಂಟು ವರ್ಷ ಬಾಗಿದ ಕುತ್ತಿಗಿ ಅವರದು. ಇವತ್ತ ನೆಟ್ಟಗಿತ್ತು. ಕಳಕಮ್ಮಕ್ಕ ಕೂಗೂ ಮೊದ್ಲ ಅವರಿಗೆ ಹ್ಯಾಂಗ ಗೊತ್ತಾತು?" ಚಾಚಿ ಕಿಟಕಿಯ ಕಡೆ ತಿರುಗಿದರು. "ಅಣ್ಣಾ, ಮಣಿ ಎಲ್ಲಿಟ್ಟೀರಿ?"

ಮಾವ ಲೋಟ ಕೆಳಗಿಟ್ಟು ಒಳಗೆ ಹೋದರು. ಅವಲಕ್ಕಿಯ ಸ್ಟೀಲ್ ಡಬ್ಬಿ ಹಿಡಿದು ಬಂದರು. ಡಬ್ಬಿಯ ತುಂಬ ಕೆಂಪು, ಹಸಿರು ಮಣಿ. ಮೇಲೆ ಒಂದು ಸೂಜಿ. ಅದರ ದಾರದಲ್ಲಿ ಮೂರು ಮಣಿ.

"ಪೋಣಿಸಿ ಕಟ್ಟಿದ್ರಾತು ಅನ್ಕೊಂಡೆ," ಎಂದರು. "ಅರ್ಧಾ ತಾಸಿನ್ಯಾಗ ಮೂರ ಆದ್ವು."

"ಕುರ್ಚಿ ಯಾಕ ತಂದ್ರಿ?" ಎಂದಳು ಅಕ್ಕ.

"ಮಿಲ್ಲಿನ್ಯಾಗ ಮೂವತ್ತು ವರ್ಷ ನಿಂತು ಕೆಲಸಾ ಮಾಡೀನವಾ. ಮನಿಗೆ ಬಂದ್ರ ಇದೊಂದು ನನ್ನ ಜಾಗ. ನನ್ನ ಕುರ್ಚಿ ಇಲ್ಲೇ ಇಡು ಅಂತ ಸೊಸಿಗೆ ಹ್ಯಾಂಗ ಹೇಳ್ಲಿ? ಯಾರೂ ಏಳೂದ್ರೊಳಗ ತಂದಿಟ್ರ ಆತು ಅನ್ಕೊಂಡೆ."

"ಆ ಹುಡುಗಿನ್ನ ನಾ ಬೈಯುವಾಗ ನಿಮ್ಮ ಬಾಯಾಗ ಏನಿತ್ತು?" ಅತ್ತೆ ಕೇಳಿದರು.

"ಚಹಾ," ಎಂದರು ಮಾವ.

ಚಾಚಿ ನಕ್ಕುಬಿಟ್ಟರು. ಮತ್ತಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಆರಡಿಯ ಗಂಡಸು ಹೆಂಡತಿಯ ಬಾಯಿಗೆ ಹೆದರಿ ಸೊಸೆಯನ್ನು ಕಳ್ಳಿ ಎನ್ನಿಸಿಕೊಳ್ಳಲು ಬಿಟ್ಟಿದ್ದರು. ಅದು ಸಣ್ಣ ತಪ್ಪಲ್ಲ.

ಅತ್ತೆ ಡಬ್ಬಿಯನ್ನು ಕಸಿದು ಚಾಪೆಯ ಮೇಲೆ ಸುರಿದರು. ಕುಳಿತರು. ಕೆಂಪು, ಹಸಿರು ಬೇರೆ ಮಾಡತೊಡಗಿದರು.

"ಶಿವಲೀಲಾ, ಬಾ ಇಲ್ಲೆ. ನನ್ನ ಕಣ್ಣಿಗೆ ಸೂಜಿ ಕಾಣೂದಿಲ್ಲ. ನಾ ಹೇಳ್ತೀನಿ, ನೀ ಪೋಣಸು."

ಅಕ್ಕ ಅಲ್ಲಾಡಲಿಲ್ಲ.

"ತಪ್ಪು ಮಾತಾಡೀನಿ. ಬಾ."

ಅಕ್ಕ ಹೋಗಿ ಪಕ್ಕದಲ್ಲಿ ಕುಳಿತಳು. ಚಾಚಿ ಮೇಣ ಸವರಿದ ಗಟ್ಟಿ ದಾರ ಕೊಟ್ಟರು.

"ಮೂರು ಕೆಂಪು. ಒಂದು ಹಸರು. ಮತ್ತ ಮೂರು ಕೆಂಪು. ಈಗ ಎರಡೂ ಸೂಜಿ ಒಂದ ಮಣಿಯಾಗ... ಹಾಂ. ಛಲೋ ಬರತೈತಲ್ಲ ನಿನಗ! ಮೊದ್ಲ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

"ಅಕ್ಕಾ, ಬಸ್ಸು?" ಎಂದೆ.

"ಸುಮ್ನ ಹಸರು ಮಣಿ ಆರಸು," ಎಂದಳು.

ಗಿಳಿಗಳು ಮುಗಿದಾಗ ಮೂರು ಗಂಟೆ. ಬಂದ ತಾವರಗೇರಾದವರೂ ಕೈ ಹಾಕಿದ್ದರು. ಅಕ್ಕ ಹಾಲನ್ನು ಒಮ್ಮೆ ಅಳೆಯುವಂತೆ ನೋಡಿದಳು. "ಶೋಕೇಸ್ ಒಳಗ ಹೋಗ್ಲಿ. ಕುರ್ಚಿ ಇಲ್ಲೇ ಇರ್ಲಿ, ಬಾಗಲಕ್ಕ ಎದುರು. ನಿನ್ನೇನ ಕೇಳಿದ್ರ ಇಲ್ಲೇ ಇಡತಿದ್ನಲ್ರೀ ಮಾವಾರ."

ಭಾವ ಸುತ್ತಿಗೆ ಹಿಡಿದು ಸ್ಟೂಲ್ ಹತ್ತಿ ನಾಲ್ಕು ಬೆರಳು ತೋರಿಸಿದರು. "ಯವ್ವಾ, ಹಿಂದಿನಕಿಂತ ನಾಕು ಬಳ್ಳು ಮ್ಯಾಲ ಕಟ್ಲೇನು?"

"ನಾಕು ಬಳ್ಳು ಕೆಳಗ ಕಟ್ಟು," ಎಂದರು ಅತ್ತೆ.

ನಾಲ್ಕಕ್ಕೆ ಅಕ್ಕನನ್ನು ಹಸಿರು ಸೀರೆಯಲ್ಲಿ ಆ ಕುರ್ಚಿಯ ಮೇಲೆಯೇ ಕೂರಿಸಿದರು. ಆರತಿಯನ್ನು ಅತ್ತೆಯೇ ಎತ್ತಿದರು. ಒಳಗಿನಿಂದ ಮಾವ ನೀರಿನ ತಂಬಿಗೆ ಹಿಡಿದು ಬಂದರು. ತೋರಣದ ಕೆಳಗೆ ಸೊಂಟದವರೆಗೆ ಬಾಗಿದರು. ತಲೆ ಎತ್ತಿದಾಗ ಎದುರಿಗೆ ಸೊಸೆ.

"ತಪ್ಪಾತವಾ," ಎಂದರು, ಮೆಲ್ಲಗೆ.

"ಏನಂದ್ರಿ? ಕೇಳಸಲಿಲ್ಲ," ಎಂದರು ಅತ್ತೆ. "ಇನ್ನೊಂದು ತಂಬಿಗಿ ತರ್ರಿ."

ತಾವರಗೇರಾದವರಿಗೆ ಅಂದು ಅಷ್ಟೊಂದು ನೀರಡಿಕೆಯೇನೂ ಆಗಿರಲಿಲ್ಲ. ಮಾವ ಏಳು ಸಲ ಬಾಗಿ ನೀರು ತಂದರು.